ಮಡಚಿಟ್ಟ ಸಾಲು

ಮಾರ್ಚ್ 3, ಸೋಮವಾರ

ಕಾಫಿ ಮುಗಿಯುವ ಮೊದಲೇ ಇಸ್ತ್ರಿ ಸರ್ ಬೆನ್ನ ಹಿಂದೆ ಹಾಜರು. "ಬ್ರಾಂಚ್ ಕ್ಲೀನ್ ಆಯ್ತೇನಮ್ಮಾ?" ಮಡಚ್ತಾ ಇದೀನಿ ಸರ್ ಅಂದೆ. "ಮಡಚು, ಮಡಚು. ಒಂದು ಸುಕ್ಕೂ ಕಾಣಬಾರದು."

ಟೀಮ್ ಲೀಡ್‌ಗೆ ಇಸ್ತ್ರಿ ಎಂದು ಹೆಸರಿಟ್ಟ ಪುಣ್ಯ ಪಕ್ಕದ ಸೀಟಿನ ಟೆಸ್ಟರ್‌ದು. ಅವಳಿಗೆ ತರಲೆ ಎಂದು ಹೆಸರಿಟ್ಟ ಪುಣ್ಯ ನನ್ನದು. ಲಿಫ್ಟ್ ಕಂಪನಿಯಲ್ಲಿ ಕೂತು ಹೀಗೇ ಕಾಲ ಕಳೆಯುವುದು.

ಇವತ್ತಿನದು ಕರೆಂಟ್ ಹೋಗಿ ಬಂದಾಗ ಬಾಗಿಲು ನಿಜಕ್ಕೂ ಮುಚ್ಚಿದೆಯೇ ಎಂದು ನೋಡುವ ಕೋಡು. ಹೊಸ ಕಂಟ್ರೋಲ್ ಬೋರ್ಡಿನ ಲಿಫ್ಟುಗಳಿಗೆ ಒಂದು ಕಮಿಟ್, ಹಳೇ ಬೋರ್ಡಿನವಕ್ಕೆ ಇನ್ನೊಂದು. ಎರಡಕ್ಕೂ 'ಡೋರ್ ಚೆಕ್' ಎಂದೇ ತಲೆಬರಹ ಗೀಚಿದ್ದೆ. ಹಸಿವಾಗಿತ್ತು. ಆಮೇಲೆ ಹೊಳೆಯಿತು—ಹಳೇ ಬೋರ್ಡಿನಲ್ಲಿ ಕರೆಂಟ್ ಬಂದ ಮೊದಲ ಕ್ಷಣ ಬಾಗಿಲಿನ ಸಿಗ್ನಲ್ ಸುಳ್ಳು ಹೇಳುತ್ತದೆ. ತೆರೆದಿದ್ದರೂ ಮುಚ್ಚಿದೆ ಎನ್ನುತ್ತದೆ. ಸ್ವಲ್ಪ ಕಾದು ಇನ್ನೊಂದು ಸಲ ಕೇಳಿ, ಆಮೇಲೆ ಹೊರಡಬೇಕು. ಒಂದೇ ಸಾಲು. ಎರಡೂ ಬೋರ್ಡುಗಳು ಬಳಸುವ ಫೈಲಿನಲ್ಲಿ ಅದನ್ನು ಸೇರಿಸಿ, 'ಡೋರ್ ಚೆಕ್‌ನ ತಿದ್ದುಪಡಿ' ಎಂದು ಗುರುತು ಹಾಕಿ, ಮಡಚುವ ಕಮಾಂಡ್ ಕೊಟ್ಟೆ. ತಾನೇ ತಲೆಬರಹ ಹುಡುಕಿತು, ತಾನೇ ಸೇರಿಸಿತು. ಟೆಸ್ಟೆಲ್ಲ ಹಸಿರು. ತರಲೆ ಹೆಬ್ಬೆರಳು ಎತ್ತಿದಳು.

ಸಂಜೆ ಅಮ್ಮ ಹೊಲಿಗೆ ಮೆಷಿನ್ನಿನ ಮುಂದಿನಿಂದಲೇ ಕೇಳಿದಳು, "ಅದೇನೇ ಅದು, ದಿನಾ ಮಡಚ್ತೀನಿ ಮಡಚ್ತೀನಿ ಅಂತೀಯ? ನಿನ್ನ ಬಟ್ಟೆ ಮಾತ್ರ ಕುರ್ಚಿ ಮೇಲೆ ಗುಡ್ಡೆ ಬಿದ್ದಿರತ್ತೆ."

ವಿವರಿಸಿದೆ. ಬ್ರಾಂಚ್ ಅಂದರೆ ಕೋಡಿನ ನನ್ನ ಪ್ರತಿ. ಅದರಲ್ಲಿ ಬರೆದದ್ದನ್ನು ಕಂತು ಕಂತಾಗಿ ಒಪ್ಪಿಸಬೇಕು. ಒಂದು ಕಂತು ಅಂದರೆ ಒಂದು ಕಮಿಟ್, ಅದಕ್ಕೊಂದು ತಲೆಬರಹ. ಆಮೇಲೆ ಸಣ್ಣ ತಪ್ಪು ಕಂಡರೆ ತಿದ್ದಿದ್ದನ್ನು ಬೇರೆ ಕಂತಾಗಿ ಬಿಡುವ ಹಾಗಿಲ್ಲ. ಹಳೆಯ ಕಂತಿನೊಳಗೇ ಮಡಚಿ ಸೇರಿಸಬೇಕು. ಮೊದಲ ಸಲವೇ ಸರಿ ಬರೆದ ಹಾಗೆ ಕಾಣಬೇಕು.

"ಬಿಚ್ಚಿ ಹೊಲಿದದ್ದು ಗಿರಾಕಿಗೆ ಗೊತ್ತಾಗಬಾರದು, ಅಷ್ಟೇ ತಾನೆ?"

"ಅಷ್ಟೇ ಕಣಮ್ಮ."

"ಅದಕ್ಕೆ ಇಂಜಿನಿಯರಿಂಗ್ ಬೇರೆ ಓದಿಸಬೇಕಿತ್ತು."

ನನ್ನ ಮಗಳು ಪುಟ್ಟಿ ಬಿದ್ದು ಬಿದ್ದು ನಕ್ಕಳು. ಏನು ಅರ್ಥವಾಯಿತೋ ಅವಳಿಗೆ. ಅಜ್ಜಿ ನನ್ನನ್ನು ಬೈದರೆ ಸಾಕು, ಅವಳಿಗೆ ಹಬ್ಬ.

ಮಾರ್ಚ್ 5

ಹಳೇ ಬೋರ್ಡಿನ ರಿಲೀಸ್ ಆಯಿತು. ಹೊಸದು ಮುಂದಿನ ತಿಂಗಳಂತೆ. ಹಾಗಾಗಿ ಇಸ್ತ್ರಿ ಸರ್ ಹಳೇ ಬೋರ್ಡಿನ ಕಮಿಟ್ಟೊಂದನ್ನೇ ಎತ್ತಿ ರಿಲೀಸ್ ಬ್ರಾಂಚಿಗೆ, ಅಂದರೆ ಲಿಫ್ಟುಗಳಿಗೆ ಹೋಗುವ ಪ್ರತಿಗೆ, ಹಾಕಿದರು. ಲ್ಯಾಬಿನಲ್ಲಿದ್ದ ಹಳೇ ಬೋರ್ಡು ನಿನ್ನೆ ರಿಪೇರಿಗೆ ಹೋಗಿದೆ. "ನಿನ್ನ ಬ್ರಾಂಚಲ್ಲಿ ಪಾಸಾಗಿದೆಯಲ್ಲ, ಮತ್ತೆ ಏನು ಟೆಸ್ಟು?" ಅಂದರು. ಹೌದು, ಪಾಸಾಗಿದೆ. ನನ್ನದು ಪುಕ್ಕಲು ಜೀವ. ಮನೆಯಿಂದ ಹೊರಟ ಮೇಲೆ ಗ್ಯಾಸ್ ಆಫ್ ಮಾಡಿದೆನಾ ಎಂದು ಬಸ್‌ಸ್ಟಾಪಿನಿಂದ ವಾಪಸು ಬರುವವಳು. ನನ್ನ ಅನುಮಾನಕ್ಕೆಲ್ಲ ಬೆಲೆ ಕೊಟ್ಟರೆ ಲಿಫ್ಟೇ ಬೇಡ, ಎಲ್ಲರೂ ನೆಲದ ಮೇಲೇ ಇರಿ ಎನ್ನಬೇಕಾಗುತ್ತದೆ.

ಮೊದಲ ಪಟ್ಟಿಗೆ ನಮ್ಮ ಬಿಲ್ಡಿಂಗನ್ನೂ ಸೇರಿಸಿ ಸರ್ ಎಂದು ಗೋಗರೆದೆ. ನಮ್ಮ ಲಿಫ್ಟು ಕರೆಂಟ್ ಹೋದರೆ ಮುನಿಸಿಕೊಂಡು ನಿಂತುಬಿಡುತ್ತದೆ. ಕರೆಂಟ್ ಬಂದರೂ ಏಳುವುದಿಲ್ಲ, ಮೆಕ್ಯಾನಿಕ್ ಬಂದು ಎಬ್ಬಿಸಬೇಕು. ಐದನೇ ಮಹಡಿ, ಅಮ್ಮನ ಮಂಡಿ, ಪುಟ್ಟಿಯ ಸ್ಕೂಲ್ ಬ್ಯಾಗು. ಹೊಸ ಸಾಫ್ಟ್‌ವೇರ್ ಹಾಕಿದರೆ ಕರೆಂಟ್ ಬಂದ ತಕ್ಷಣ ತಾನೇ ಹೊರಡುತ್ತದೆ. ಪುಟ್ಟಿಯ ಅಪ್ಪ ಹಡಗಿನ ಕೆಲಸದಲ್ಲಿ, ವರ್ಷಕ್ಕೊಮ್ಮೆ ಮುಖ ತೋರಿಸುವವರು. ಬ್ಯಾಗು ಹೊರುವುದು, ಪುಟ್ಟಿಯನ್ನು ಕರೆತರುವುದು ಎಲ್ಲ ಅಮ್ಮನ ತಲೆ ಮೇಲೆ.

"ಆಯ್ತಮ್ಮ, ನಿಮ್ಮ ಮನೆಯಿಂದಲೇ ಶುಭಾರಂಭ," ಅಂದರು. ಖುಷಿಯಾಯಿತು.

ಮಾರ್ಚ್ 8, ಶನಿವಾರ

ಗ್ರೀಸ್ ಮಾಮ ಬಂದಿದ್ದರು. ಕಂಪನಿಯ ಮೆಕ್ಯಾನಿಕ್. ಅಂಗಿ ಯಾವ ಬಣ್ಣದ್ದು ಎಂದು ಅವರ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ. ಟೆರೇಸಿನ ಮೋಟಾರ್ ರೂಮಿಗೆ ಹೋಗಿ ಸಾಫ್ಟ್‌ವೇರ್ ಹಾಕಿ ಇಳಿದು ಬಂದರು. ಪುಟ್ಟಿಗೆ ತಮ್ಮ ಫೋನ್ ತೋರಿಸಿದರು. ಲಿಫ್ಟಿನಲ್ಲಿರುವ ಸಾಫ್ಟ್‌ವೇರಿನ ನಂಬರ್ ಹಳೆಯದಾಗಿದ್ದರೆ ಕೆಂಪು ಚುಕ್ಕಿ. ಹೊಸ ನಂಬರ್ ಹಾಕಿದರೆ ಹಸಿರು.

"ನೋಡು ಮರಿ, ಹಸಿರಾದ್ರೆ ನಾನು ಮನೆಗೆ. ಕೆಂಪಿದ್ರೆ ನನಗೆ ಊಟ ಇಲ್ಲ."

ಅಮ್ಮ ಎರಡು ಸಲ ಸುಮ್ಮಸುಮ್ಮನೆ ಮೇಲೆ ಕೆಳಗೆ ಹೋಗಿ ಬಂದಳು. "ನನ್ನ ಮಗಳು ಬರೆದಿದ್ದು" ಎಂದು ಕೆಳಗಿನ ಅಂಗಡಿಯವರಿಗೆ ಹೇಳಿದಳಂತೆ. ನಾಚಿಕೆಯಾಯಿತು. ಹೇಳಲಿ ಬಿಡು.

ಮಾರ್ಚ್ 12

ಸಂಜೆ ನಾನು ಆಫೀಸಿನಿಂದ ಬಂದದ್ದೇ ತಡ, ಪುಟ್ಟಿ, "ಅಮ್ಮಾ, ಇವತ್ತು ಲಿಫ್ಟು ಬಾಗಿಲು ತೆರ್ಕೊಂಡೇ ಹೊರಟಿತು!"

ಬ್ಯಾಗು ಇಳಿಸದೇ ಏನಾಯಿತೆಂದು ಕೇಳಿದೆ.

ಕರೆಂಟ್ ಹೋಯಿತಂತೆ. ಅಜ್ಜಿ ಮೊಮ್ಮಗಳು ಕೆಳಗೆ ಲಿಫ್ಟಿನ ಮುಂದೆ ನಿಂತಿದ್ದರಂತೆ. ಬಾಗಿಲು ಅರ್ಧ ತೆರೆದು ನಿಂತಿತ್ತಂತೆ. ಕರೆಂಟ್ ಬಂದ ಕೂಡಲೇ ಒಂದು ಗೇಣು ಮೇಲೆ ಹೋಗಿ ಧಡ್ ಎಂದು ನಿಂತಿತಂತೆ. ಅಮ್ಮನನ್ನು ಕೇಳಿದೆ. ಅವಳು ಅಂಗಡಿಯವರ ಹತ್ತಿರ ಮಾತಾಡುತ್ತಿದ್ದಳು, ನೋಡಲಿಲ್ಲ. "ಇವಳ ಮಾತು ನಂಬ್ತೀಯಾ? ಹೋದ ವಾರ ನಲ್ಲಿಯಲ್ಲಿ ಮೀನು ಬಂತು ಅಂದಿದ್ಳು."

ಅದೂ ನಿಜ. ಆದರೆ ಮೀನಿನ ಕಥೆಯಲ್ಲಿ ಮೀನು ಹಾಡುತ್ತಿತ್ತು. ಇದರಲ್ಲಿ ಯಾರೂ ಹಾಡುತ್ತಿಲ್ಲ.

ಈ ತಪ್ಪನ್ನೇ ನಾನು ಸರಿ ಮಾಡಿದ್ದು. ಇದೇ. ಹಾಗಾಗಲು ಸಾಧ್ಯವೇ ಇಲ್ಲ.

ಮಾರ್ಚ್ 13

ಬೆಳಗ್ಗೆ ಮೊದಲ ಕೆಲಸ, ಬ್ರಾಂಚ್ ತೆರೆದು ನೋಡಿದೆ. ಕಾಯುವ ಸಾಲು ಇದೆ. ಕಣ್ಣಿಗೆ ಕಾಣುತ್ತಿದೆ. ಮತ್ತೆ ನೋಡಿದೆ. ಇದೆ. ತರಲೆಗೆ ಟೆಸ್ಟ್ ಓಡಿಸು ಅಂದೆ. ಹಸಿರು.

"ಏನೇ, ಯಾಕೆ ಮುಖ ಹೀಗಿದೆ?"

"ಏನಿಲ್ಲ. ಪುಟ್ಟಿ ಏನೋ ಹೇಳಿದ್ಳು."

"ಮಕ್ಕಳು ಹೇಳಿದ್ದಕ್ಕೆಲ್ಲ ಟೆಸ್ಟ್ ಓಡಿಸಿದ್ರೆ ನನ್ನ ಗತಿಯೇನು?"

ಸರಿ. ಕೋಡಿನಲ್ಲಿದೆ ಅಂದಮೇಲೆ ಲಿಫ್ಟಿನಲ್ಲೂ ಇದೆ. ನನ್ನ ತಲೆ ಕೆಟ್ಟಿದೆ.

ಸಂಜೆ

ಗ್ರೀಸ್ ಮಾಮನಿಗೆ ಫೋನ್ ಮಾಡಿದೆ. ಬಾಗಿಲ ಹಳಿಯಲ್ಲಿ ಧೂಳು ಕೂತಿರಬಹುದು, ಮುಂದಿನ ವಾರ ಬಂದಾಗ ನೋಡ್ತೀನಿ ಅಂದರು. ಧೂಳು. ಧೂಳೇ ಆಗಿರಲಿ ದೇವರೇ.

ಅಮ್ಮನಿಗೆ ಒಂದು ವಾರ ಮೆಟ್ಟಿಲು ಹತ್ತು ಅಂದೆ. ಕಣ್ಣು ಕೆಂಪಗೆ ಮಾಡಿದಳು. "ಐದು ಮಹಡಿ? ಈ ಮಂಡಿ ಇಟ್ಕೊಂಡು? ಮೇಲಕ್ಕೆ ಕಳಿಸಬೇಕು ಅಂತಿದ್ರೆ ನೇರವಾಗಿ ಹೇಳು."

ಕಾರಣ ಹೇಳಲಿಲ್ಲ. ಏನೆಂದು ಹೇಳಲಿ? ಕೋಡು ಸರಿ ಇದೆ, ಆದರೆ ಭಯವಾಗುತ್ತಿದೆ ಎಂದೇ?

ಮಾರ್ಚ್ 17, ಸೋಮವಾರ

ಮೂರು ದಿನ ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು.

ಇವತ್ತು ಅಮ್ಮನ ಕೊರಳಲ್ಲಿ ಅರ್ಧ ಟೇಪು. ಅಳತೆ ಟೇಪು. ಸದಾ ಕೊರಳಿಗೆ ಹಾಕಿಕೊಂಡೇ ಓಡಾಡುತ್ತಾಳೆ, ಹಾರದ ಹಾಗೆ.

"ಉಳಿದರ್ಧ ಎಲ್ಲಮ್ಮ?"

"ಲಿಫ್ಟ್ ತಿಂತು."

ನಗುತ್ತಾ ಹೇಳಿದಳು. ನಮ್ಮ ಮಹಡಿಯಲ್ಲಿ ಇಳಿಯುತ್ತಿದ್ದಳಂತೆ. ದೀಪ ಆರಿತು, ಬಾಗಿಲು ಅರ್ಧಕ್ಕೆ ನಿಂತಿತು, ಮೈ ಓರೆ ಮಾಡಿ ಹೊರಗೆ ಬಂದಳು. ಟೇಪಿನ ಒಂದು ತುದಿ ಒಳಗೆ ಎಲ್ಲೋ ಸಿಕ್ಕಿಕೊಂಡಿತು. ಬಿಡಿಸುತ್ತಿರುವಾಗಲೇ ಕರೆಂಟ್ ಬಂತು. ಲಿಫ್ಟ್ ಕೆಳಗಿಳಿಯತೊಡಗಿತು. ಟೇಪು ಕೊರಳಿಂದ ಸರ್ರನೆ ಜಾರಿತಂತೆ, ಕೈಯಲ್ಲಿ ಹಿಡಿದದ್ದು ಹರಿಯಿತಂತೆ.

"ಬಾಗಿಲು ಮುಚ್ಚಿತ್ತಾ?"

"ಎಲ್ಲಿ ಮುಚ್ಚಿತ್ತು? ಅರ್ಧ ತೆಗೆದೇ ಇತ್ತು. ಪುಟ್ಟಿ ಹೇಳಿದ್ದು ನಿಜವೇ ಕಣೇ. ನಿಮ್ಮ ಗ್ರೀಸ್ ಮಾಮನಿಗೆ ಹೇಳಿ ಸರಿ ಮಾಡಿಸು."

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ. ಟೇಪಿಗೆ ಒಂದು ಗಂಟಿದ್ದಿದ್ದರೆ? ಅವಳು ಅದನ್ನು ಒಂದು ಸುತ್ತು ಸುತ್ತಿಕೊಂಡಿದ್ದರೆ?

ಲಿಫ್ಟ್ ಹತ್ತಬೇಡ ಎಂದು ಅವಳಿಂದ ಆಣೆ ಹಾಕಿಸಿಕೊಂಡೆ. "ಆಯ್ತು ಮಾರಾಯ್ತಿ," ಅಂದಳು. ಅವಳ ಆಣೆ ನನಗೆ ಗೊತ್ತು.

ಮಾರ್ಚ್ 18, ಬೆಳಗ್ಗೆ

ಸಿಕ್ಕಿತು.

ಇಷ್ಟು ದಿನ ನೋಡಿದ್ದು ನನ್ನ ಬ್ರಾಂಚ್. ಇವತ್ತು ರಿಲೀಸ್ ಬ್ರಾಂಚ್ ತೆರೆದೆ. ಲಿಫ್ಟುಗಳಿಗೆ ಹೋಗಿರುವುದು ಅದು. ಕಾಯುವ ಸಾಲು ಅಲ್ಲಿಲ್ಲ. ಮೇಲಿಂದ ಕೆಳಗೆ ಹುಡುಕಿದೆ. ಇಲ್ಲ.

ಎರಡು ಕಮಿಟ್ಟಿಗೂ ಒಂದೇ ತಲೆಬರಹ. ಮಡಚುವಾಗ ಅದು ಮೊದಲು ಸಿಕ್ಕ 'ಡೋರ್ ಚೆಕ್'ಗೆ ಸೇರಿಸಿದೆ. ಮೊದಲನೆಯದು ಹೊಸ ಬೋರ್ಡಿನದು. ನನ್ನ ಬ್ರಾಂಚಿನಲ್ಲಿ ಎರಡೂ ಇದ್ದವು, ಹಾಗಾಗಿ ಸಾಲೂ ಇತ್ತು, ಟೆಸ್ಟೂ ಹಸಿರು. ಇಸ್ತ್ರಿ ಸರ್ ಎರಡನೆಯದನ್ನು ಮಾತ್ರ ಎತ್ತಿಕೊಂಡು ಹೋದರು. ಸಾಲು ಇಲ್ಲೇ ಉಳಿಯಿತು.

ಹಳೆಯ ಸಾಫ್ಟ್‌ವೇರಿನಲ್ಲಿ ಲಿಫ್ಟು ಸುಮ್ಮನೆ ನಿಲ್ಲುತ್ತಿತ್ತು. ಬೈದುಕೊಳ್ಳುತ್ತಿದ್ದೆವು. ಯಾರ ಪ್ರಾಣಕ್ಕೂ ಸಂಚಕಾರವಿರಲಿಲ್ಲ. ನಾನು ಅದಕ್ಕೆ ಹೊರಡುವುದನ್ನು ಕಲಿಸಿದೆ, ಕಾಯುವುದನ್ನು ಕಲಿಸಲಿಲ್ಲ.

ಇಸ್ತ್ರಿ ಸರ್ ಮೀಟಿಂಗಿನಲ್ಲಿ. ಗಾಜಿನಾಚೆ ನಗುತ್ತಿದ್ದಾರೆ.

ಮಾರ್ಚ್ 18, ಸಂಜೆ

ಹೇಳಿದೆ. ಇಸ್ತ್ರಿ ಸರ್ ಪೂರ್ತಿ ಕೇಳಿದರು. ಮುಖದ ಬಣ್ಣ ಇಳಿಯಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ ಸರ್. ಎಷ್ಟು ಕಡೆ ಹೋಗಿದೆ ಇದು?"

ಸಿಸ್ಟಮ್ಮಿನಲ್ಲಿ ತೋರಿಸಿದರು. ಒಂದಷ್ಟು ಮನೆಗಳ ಬಿಲ್ಡಿಂಗು, ಎರಡು ಆಫೀಸು, ಒಂದು ಲೈಬ್ರರಿ, ಒಂದು ಕಣ್ಣಿನ ಆಸ್ಪತ್ರೆ.

ಕಣ್ಣಿನ ಆಸ್ಪತ್ರೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು ಬಾಗಿಲು ಮುಚ್ಚಿದೆಯೋ ಇಲ್ಲವೋ ಹೇಗೆ ನೋಡುತ್ತಾರೆ? ಅಲ್ಲಿ ಜನರೇಟರ್ ಬೇರೆ ಇದೆ. ಕರೆಂಟ್ ಹೋದರೆ ಒಂದು ಸಲ ಜನರೇಟರಿನಿಂದ ಬರುತ್ತದೆ, ಇನ್ನೊಂದು ಸಲ ನಿಜವಾಗಿ ಬರುತ್ತದೆ. ಎರಡೆರಡು ಸಲ ಲಿಫ್ಟ್ ಸುಳ್ಳು ನಂಬುತ್ತದೆ.

"ಎಲ್ಲರಿಗೂ ಫೋನ್ ಮಾಡಿ ಲಿಫ್ಟ್ ನಿಲ್ಲಿಸಿ ಅನ್ನೋಣ ಸರ್."

"ಸುಮ್ನೆ ಭಯ ಹುಟ್ಟಿಸಬೇಡ, ಯಾರಿಗೂ ಹೇಳಬೇಡ. ಏನಾಗಿದೆ ಈಗ? ಏನೂ ಆಗಿಲ್ಲ ತಾನೆ? ನೀನು ಫಿಕ್ಸ್ ಹಾಕು. ಮೆಕ್ಯಾನಿಕ್ ನಾಳೆಯಿಂದಲೇ ಹೋಗ್ತಾನೆ." ಆಮೇಲೆ ದನಿ ತಗ್ಗಿಸಿ, "ಶುಕ್ರವಾರ ಸೇಫ್ಟಿ ಆಡಿಟ್ ಇದೆ. ನನಗೂ ಮನೆ ಮಠ ಇದೆ ಕಣಮ್ಮ."

ಪೆನ್ನಿನ ಮುಚ್ಚಳ ಹಾಕಲು ಹೋಗಿ ಎರಡು ಸಲ ತಪ್ಪಿದರು.

ಫಿಕ್ಸ್ ಹಾಕಿದೆ. ಮಡಚಲಿಲ್ಲ. ಬೇರೆ ಕಮಿಟ್ಟಾಗಿಯೇ ಇಟ್ಟೆ. ತಲೆಬರಹ: 'ಹಳೇ ಬೋರ್ಡಿನಲ್ಲಿ ಕಾಯುವ ಸಾಲು ಬಿಟ್ಟುಹೋಗಿತ್ತು. ಬಾಗಿಲು ತೆರೆದಿರುವಾಗಲೇ ಲಿಫ್ಟ್ ಹೊರಡಬಹುದು.' ಹೊಸ ಕಮಿಟ್ ಬಿದ್ದರೆ ನಂಬರ್ ತಾನಾಗಿ ಏರುತ್ತದೆ. ನಂಬರ್ ಏರಿದರೆ ಗ್ರೀಸ್ ಮಾಮನ ಫೋನಿನಲ್ಲಿ ಅಷ್ಟೂ ಚುಕ್ಕಿ ಕೆಂಪಾಗುತ್ತದೆ. ಇಸ್ತ್ರಿ ಸರ್ ತಲೆಬರಹ ಓದಿ ಹುಬ್ಬು ಗಂಟಿಕ್ಕಿದರು. "ಇಷ್ಟುದ್ದ ಬೇಕಾ?" ಬೇಕು ಸರ್ ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಅಮ್ಮನಿಗೆ ಹೇಳಲೇ? ಯಾರಿಗೂ ಹೇಳಬೇಡ ಅಂದಿದ್ದಾರೆ. ನಾಳೆ ಮಧ್ಯಾಹ್ನ ನಮ್ಮ ಬಿಲ್ಡಿಂಗಿಗೆ ಬರುತ್ತೇನೆ ಅಂದರು ಮಾಮ. ಒಂದು ದಿನದ ಮಾತು. ಆಣೆ ಇಟ್ಟಿದ್ದಾಳಲ್ಲ.

ಮಾರ್ಚ್ 19, ಸಂಜೆ

ಪುಟ್ಟಿ ಮಲಗಿದ ಮೇಲೆ ಬರೆಯೋಣ ಎಂದಿದ್ದೆ. ಅಷ್ಟು ಹೊತ್ತು ಕಾಯಲಾಗುತ್ತಿಲ್ಲ.

ಮಧ್ಯಾಹ್ನ ಆಫೀಸಿನಲ್ಲಿ ಕೂರಲಾಗಲಿಲ್ಲ. ತಲೆನೋವು ಎಂದು ಹೇಳಿ ಹೊರಟೆ. ನಮ್ಮ ಬೀದಿಗೆ ಬಂದಾಗ ಅಂಗಡಿಗಳೆಲ್ಲ ಕತ್ತಲು. ಕರೆಂಟ್ ಇಲ್ಲ. ಓಡಿದೆ.

ಕೆಳಗೆ ವಾಚ್‌ಮನ್ ಇಲ್ಲ. ಲಿಫ್ಟಿನ ಮುಂದೆ ಯಾರೂ ಇಲ್ಲ. ಮೇಲಿಂದ ಗಲಾಟೆ ಕೇಳಿತು. ಎರಡನೇ ಮಹಡಿಯಲ್ಲಿ ಜನ. ಲಿಫ್ಟ್ ಮಧ್ಯದಲ್ಲಿ ನಿಂತಿದೆ, ಅದರ ನೆಲ ನಮ್ಮ ಎದೆಯೆತ್ತರಕ್ಕೆ. ವಾಚ್‌ಮನ್ನೂ ಕೆಳಗಿನ ಅಂಗಡಿಯವರೂ ಸೇರಿ ಬಾಗಿಲು ಎಳೆದು ಅಗಲಿಸಿದ್ದಾರೆ. ಪುಟ್ಟಿ ಆಗಲೇ ಹೊರಗೆ, ಬ್ಯಾಗು ತಬ್ಬಿಕೊಂಡು ನಿಂತಿದ್ದಾಳೆ. ಅಮ್ಮ ಲಿಫ್ಟಿನ ಅಂಚಿನಲ್ಲಿ ಕೂತಿದ್ದಾಳೆ. ಎರಡು ಕಾಲೂ ಹೊರಗೆ, ಮೈ ಒಳಗೆ.

"ಬಂದ್ಯಾ? ಬೈಬೇಡ. ಮಂಡಿ ಸಾಯ್ತಿತ್ತು ಕಣೇ."

ಕೆಳಗೆ ಜಿಗಿ ಎನ್ನಲೇ? ಆ ಮಂಡಿಗೆ ಜಿಗಿಯಲಾಗದು. ಒಳಗೆ ಹೋಗು ಎನ್ನಲೇ? ಕಾಲು ಎಳೆದುಕೊಳ್ಳಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ಕರೆಂಟ್ ಬಂದರೆ? ಕರೆಂಟ್ ಬಂದರೆ ಬಾಗಿಲು ಮುಚ್ಚಿದೆ ಎನ್ನುತ್ತದೆ ಅದು. ಮುಚ್ಚಿದೆ ಎಂದುಕೊಂಡು ಹೊರಡುತ್ತದೆ.

"ಮೋಟಾರ್ ರೂಮಿನ ಕೀ! ಕೀ ಕೊಡಿ!" ಕಿರುಚಿದೆ. ವಾಚ್‌ಮನ್ ಕಣ್ಣು ಕಣ್ಣು ಬಿಟ್ಟ. ಅವನ ಸೊಂಟದಿಂದ ನಾನೇ ಕಿತ್ತುಕೊಂಡೆ.

"ಎಲ್ಲಿಗೆ ಓಡ್ತೀಯೇ? ಮೊದ್ಲು ನನ್ನ ಕೈ ಹಿಡಿ!" ಅಮ್ಮ ಕೂಗುತ್ತಿದ್ದಳು. ಹಿಡಿಯಲಿಲ್ಲ. ತಾಯಿ ಕೈ ಚಾಚುತ್ತಿದ್ದಾಳೆ, ಬೆನ್ನು ಹಾಕಿ ಓಡಿದೆ. ಮೂರು, ನಾಲ್ಕು, ಐದು, ಟೆರೇಸು. ಬೀಗಕ್ಕೆ ಯಾವ ಕೀ? ಒಂದು, ಅಲ್ಲ. ಇನ್ನೊಂದು, ಅಲ್ಲ. ದೇವರೇ, ಕರೆಂಟ್ ಬರಬಾರದು, ಇನ್ನು ಸ್ವಲ್ಪ ಹೊತ್ತು ಊರೆಲ್ಲ ಕತ್ತಲಾಗಿರಲಿ ಎಂದು ಬಾಯಿಬಿಟ್ಟು ಬೇಡಿಕೊಳ್ಳುತ್ತಿದ್ದೆ. ಬೀಗ ತೆರೆಯಿತು. ಗೋಡೆಯ ಮೇಲೆ ಲಿಫ್ಟಿನ ದೊಡ್ಡ ಮೇನ್ ಸ್ವಿಚ್. ಎರಡೂ ಕೈಯಲ್ಲಿ ಹಿಡಿದು ಕೆಳಗೆಳೆದೆ.

ಸ್ವಿಚ್ಚಿನ ಮೇಲೆ ಕೈ ಇರುವಾಗಲೇ ತಲೆಯ ಮೇಲಿನ ಬಲ್ಬು ಹತ್ತಿತು.

ಮೋಟಾರ್ ಅಲ್ಲಾಡಲಿಲ್ಲ. ಅದನ್ನೇ ನೋಡುತ್ತಾ ನಿಂತೆ. ಗ್ರೀಸು ಮೆತ್ತಿದ ಹಗ್ಗಗಳು. ಒಂದೂ ಅಲ್ಲಾಡಲಿಲ್ಲ. ಅಲ್ಲೇ ಕೂತೆ. ಅತ್ತುಬಿಟ್ಟೆ.

ಕೆಳಗೆ ಬಂದಾಗ ಅಮ್ಮ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದಳು. "ಹೆತ್ತ ತಾಯಿ ನೇತಾಡ್ತಿದ್ರೆ ಟೆರೇಸಿಗೆ ಓಡಿದ್ಳು ನೋಡಿ ನನ್ನ ಮಗಳು," ಎಂದು ಎಲ್ಲರ ಮುಂದೆ. ತಬ್ಬಿಕೊಂಡೆ. "ಬಿಡೇ, ನೀರು ಚೆಲ್ಲತ್ತೆ," ಅಂದಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ. ಸಾಲು, ತಲೆಬರಹ, ಮಡಚಿದ್ದು, ಯಾರಿಗೂ ಹೇಳಬೇಡ ಅಂದಿದ್ದು, ನಾನು ಹೂಂ ಅಂದಿದ್ದು. ಅಮ್ಮ ಬೈಯಲಿಲ್ಲ. ಅರ್ಧ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಆಮೇಲೆ ಕೇಳಿದಳು, "ಉಳಿದೋರಿಗೆ ಹೇಳಿದೀಯಾ?"

ಇಲ್ಲ ಅಂದೆ.

"ನಾನು ನಿನ್ನ ಅಮ್ಮ ಅಂತ ನೀನು ಓಡಿ ಬಂದೆ. ಅವರಿಗೆಲ್ಲ ಯಾರು ಓಡಿ ಬರ್ತಾರೆ?"

ಗ್ರೀಸ್ ಮಾಮ ಸಂಜೆ ಬಂದು ನಮ್ಮ ಲಿಫ್ಟಿಗೆ ಹೊಸದನ್ನು ಹಾಕಿದರು. ಲೈಬ್ರರಿಯದೂ ಆಯಿತಂತೆ. ಉಳಿದವು ನಾಳೆ, ಮೊದಲು ಕಣ್ಣಿನ ಆಸ್ಪತ್ರೆ. "ನಾಳೆ ಸಂಜೆ ಒಳಗೆ ಎಲ್ಲ ಹಸಿರು ಮಾಡಿಬಿಡ್ತೀನಿ, ನೀವು ನಿದ್ದೆ ಮಾಡಿ ತಾಯಿ," ಅಂದರು. ಒಂದೇ ದಿನ. ನಾಳೆ ಸಂಜೆವರೆಗೆ ಏನೂ ಆಗದಿರಲಿ.

ಮಾರ್ಚ್ 20, ಗುರುವಾರ, ಆಫೀಸು

ಗ್ರೀಸ್ ಮಾಮನ ಫೋನ್ ಈಗ ಬಂತು.

"ಏನ್ ತಾಯಿ, ನಿಮ್ಮೋರು ರಾತ್ರಿನೇ ಎಲ್ಲ ಸರಿ ಮಾಡಿಬಿಟ್ರಾ? ಕೆಂಪು ಒಂದೂ ಇಲ್ಲ. ಎಲ್ಲ ಹಸಿರು. ಇವತ್ತು ನನಗೆ ರಜ."

"ಆಸ್ಪತ್ರೆಗೆ ಹೋದ್ರಾ ಮಾಮ?"

"ಹಸಿರಿದ್ದ ಮೇಲೆ ಯಾಕೆ ಹೋಗ್ಲಿ? ಆ ಕಡೆ ಹೋಗಬೇಡ, ಬೇರೆ ಕೆಲಸ ನೋಡು ಅಂತ ಆಫೀಸಿಂದಲೂ ಮೆಸೇಜ್ ಬಂತು. ನಾನೀಗ ಊರ ಹೊರಗಿದೀನಿ."

ರಿಲೀಸ್ ಬ್ರಾಂಚ್ ತೆರೆದೆ. ನನ್ನ ಕಮಿಟ್ ಇಲ್ಲ. ಆ ಉದ್ದದ ತಲೆಬರಹ ಇಲ್ಲ. ಕಾಯುವ ಸಾಲು ಇದೆ. ಮಾರ್ಚ್ ಮೂರರ 'ಡೋರ್ ಚೆಕ್' ಒಳಗೆ, ಅಚ್ಚುಕಟ್ಟಾಗಿ, ನನ್ನ ಹೆಸರಿನಲ್ಲಿ. ರಾತ್ರಿ ಮಡಚಿಟ್ಟಿದ್ದಾರೆ, ಮೊದಲಿಂದ ಅಲ್ಲೇ ಇದ್ದ ಹಾಗೆ. ಹೊಸ ಕಮಿಟ್ ಇಲ್ಲ, ಹಾಗಾಗಿ ನಂಬರ್ ಹಳೆಯದೇ, ಅದಕ್ಕೇ ಎಲ್ಲ ಹಸಿರು. ಹಳೆಯ ನಂಬರಿನ ಲಿಫ್ಟುಗಳಲ್ಲಿ ಸಾಲು ಇದೆ ಎಂದು ಈಗ ಸಿಸ್ಟಮ್ ಪ್ರಮಾಣ ಮಾಡಿ ಹೇಳುತ್ತದೆ. ಲಿಫ್ಟಿನೊಳಗೆ ಮಾತ್ರ ಇಲ್ಲ.

ಇಸ್ತ್ರಿ ಸರ್ ಮೇಜಿಗೆ ಹೋದೆ. ತಲೆ ಎತ್ತಲಿಲ್ಲ.

"ನಾಳೆ ಆಡಿಟ್ ಮುಗೀಲಿ. ಆಮೇಲೆ ಮಾಮೂಲಿ ಸರ್ವೀಸ್ ಅಂತ ಒಂದೊಂದಾಗಿ ಹಾಕಿಸ್ತೀನಿ. ಒಂದು ವಾರ. ಪ್ರಾಮಿಸ್."

"ನಿನ್ನೆ ನಮ್ಮಮ್ಮನ ಕಾಲು ಹೊರಗಿತ್ತು ಸರ್."

"ಏನೂ ಆಗಿಲ್ವಲ್ಲಮ್ಮ."

"ನಾನು ಫೋನ್ ಮಾಡ್ತೀನಿ. ಒಂದೊಂದು ಬಿಲ್ಡಿಂಗಿಗೂ. ನನ್ನ ಹೆಸರು ಹೇಳಿ."

"ಮಾಡಿದ್ರೆ ಈ ಕುರ್ಚಿ ಮರೆತುಬಿಡು."

ಮೊದಲ ಸಲ ಅವರನ್ನು ನೇರವಾಗಿ ನೋಡಿದೆ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಪಾಪ. ಅಂಗಿಗೆ ಮಾತ್ರ ಇಸ್ತ್ರಿ ಇತ್ತು.

ನನ್ನ ಜಾಗಕ್ಕೆ ಬಂದೆ. ತರಲೆ ಏನೂ ಕೇಳದೆ ಬಿಲ್ಡಿಂಗುಗಳ ನಂಬರ್ ತೆಗೆದು ಕೊಟ್ಟಳು. ಅರ್ಧ ಅವಳಿಗೆ, ಅರ್ಧ ನನಗೆ. ಮೊದಲು ಕಣ್ಣಿನ ಆಸ್ಪತ್ರೆ. ಎಂಗೇಜ್. ಮತ್ತೆ ಎಂಗೇಜ್. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಒಂದು ಕೈಯಲ್ಲಿ ಫೋನು, ಒಂದು ಕೈ ಇಲ್ಲಿ.

ದೀಪ ಆರಿತು. ಯುಪಿಎಸ್ಸುಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ತರಲೆ ಕಿಟಕಿಗೆ ಓಡಿದಳು. "ಈ ಕಡೆ ಪೂರ್ತಿ ಹೋಗಿದೆ ಕಣೇ. ಆಸ್ಪತ್ರೆ ಬೀದೀದೂ."

ರಿಂಗ್ ಆಗುತ್ತಿದೆ.

ಎತ್ತಿದರು. ಹುಡುಗಿಯ ದನಿ. ಹಿಂದೆ ತುಂಬಾ ಜನ. "ಒಂದ್ ನಿಮಿಷ ಮೇಡಂ, ಇಲ್ಲಿ ಕರೆಂಟ್ ಹೋಗಿದೆ, ಪೇಷಂಟ್ಸ್ ಲಿಫ್ಟಲ್ಲಿದಾರೆ, ಬಾಗಿಲು ತೆಗೆದು ಇಳಿಸ್ತಿದೀವಿ. ಜನರೇಟರ್ ಈಗ ಹಾಕ್ತಾರೆ. ಲೈನಲ್ಲಿರಿ."

ಹಾಕಬೇಡಿ ಎಂದು ಕಿರುಚಿದೆ. ರಿಸೀವರ್ ಮೇಜಿನ ಮೇಲಿಟ್ಟು ಹೋಗಿದ್ದಾಳೆ. ಕಿರುಚುತ್ತಲೇ ಇದ್ದೇನೆ, ತರಲೆ ತನ್ನ ಫೋನಿನಿಂದ ಅದೇ ನಂಬರಿಗೆ ಹೊಡೆಯುತ್ತಿದ್ದಾಳೆ, ಎಂಗೇಜ್, ನಾನೇ ಎಂಗೇಜ್ ಮಾಡಿದ್ದೇನೆ. ಚಪ್ಪಲಿಗಳ ಸದ್ದು ಕೇಳುತ್ತಿದೆ. ಯಾರೋ "ನಿಧಾನ ಅಜ್ಜಿ, ಕಾಲು ಕೆಳಗಿಡಿ, ನಾನಿದೀನಿ" ಅನ್ನುತ್ತಿದ್ದಾರೆ. ದೂರದಲ್ಲಿ ಜನರೇಟರ್ ಒಂದು ಸಲ ಕೆಮ್ಮಿತು. ನಿಂತಿತು. ಮತ್ತೆ